ಗಾಲ್ವೇಯವರು ಬೇಡ ಎನ್ನಲಿಲ್ಲ

ಗಾಲ್ವೇಯ ಆಸ್ಪತ್ರೆಯವರು ನನ್ನನ್ನು ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನು. ನನ್ನ ಗಂಡ ದಿನೇಶ್ ಅವರಿಗೆ ಮಾತ್ರ ಅದನ್ನು ತಿರುಚಿ ಹೇಳಿದೆ — ಅವರು ನಂಬಿದರು, ಇಷ್ಟು ವರ್ಷ ನಂಬಿಕೊಂಡೇ ಬಂದರು.

ನಾನು ರಿಯಾದಿನಲ್ಲಿ ನರ್ಸ್. ದಿನೇಶ್ ಆಗ ಅದೇ ಊರಿನ ಒಲಾಯಾ ಬಡಾವಣೆಯ ಒಂದು ಕಚೇರಿಯಲ್ಲಿದ್ದರು, ಮನೆ ಮಲಾಜ್ ಬಡಾವಣೆಯಲ್ಲಿ. ಜೊತೆಯ ನರ್ಸ್‌ಗಳು ಒಬ್ಬೊಬ್ಬರಾಗಿ ಐರ್ಲೆಂಡಿಗೆ ಹೊರಡುತ್ತಿದ್ದ ಕಾಲ ಅದು. ನೀನೂ ಪರೀಕ್ಷೆ ಬರೆ ಎಂದು ಬೆನ್ನು ಬಿದ್ದವರು ದಿನೇಶ್ ಅವರೇ. ಐರ್ಲೆಂಡಿನ ಕಡಲೂರು ಗಾಲ್ವೇಯಲ್ಲಿ ಸಂದರ್ಶನವಿದೆ ಎಂದು ಗೊತ್ತಾದಾಗ ರಜೆ ಹಾಕಿ ಜೊತೆಗೆ ಬಂದರು. ಸಂದರ್ಶನ ಚೆನ್ನಾಗಿಯೇ ಆಯಿತು. ಮರುದಿನ ಬಿಡುವಿತ್ತು, ಊರು ನೋಡಲು ಹೊರಟೆವು.

ರಿಯಾದಿನಲ್ಲಿ ನಾವು ನಡೆಯುವವರಲ್ಲ. ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಲಿಫ್ಟಿಗೆ — ಅಷ್ಟೇ. ಗಾಲ್ವೇಯಲ್ಲಿ ಮಾತ್ರ ದಿನೇಶ್ ನನ್ನನ್ನು ಹಿಂದೆ ಬಿಟ್ಟು ನಡೆದರು. ಅಂಗಡಿ ಬೀದಿಯಲ್ಲಿ ಪಿಟೀಲು ನುಡಿಸುತ್ತಿದ್ದ ಹುಡುಗಿಯ ಮುಂದೆ ನಿಂತು ತಲೆದೂಗಿದರು. ನದಿ ಸಮುದ್ರ ಸೇರುವಲ್ಲಿ, ಹಳೆಯ ಕಲ್ಲಿನ ಕಮಾನಿನ ಪಕ್ಕ, ನೀರಿನ ರಭಸ ನೋಡಿಯೇ ನನಗೆ ತಲೆ ಸುತ್ತಿತು. ಅವರು ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಮಳೆ ಅಡ್ಡಡ್ಡ ಹೊಡೆದು ಕೊಡೆ ಮಗುಚಿತು. ಅದಕ್ಕೂ ನಕ್ಕರು.

"ಸಮುದ್ರ ಉಂಟು, ಮಳೆ ಉಂಟು, ಮೀನು ಉಂಟು. ಇನ್ನೆಂತ ಬೇಕು ಮಾರಾಯ್ತಿ?"

ಅವರು ಮಲ್ಪೆಯವರು. ಮಾವ ದೋಣಿಗೆ ಹೋಗುತ್ತಿದ್ದವರು. ಮಗ ಓದಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಹೋಗುವುದು ಅವರ ಮನೆಯವರಿಗೆ ಹೆಮ್ಮೆ. ಅವರಿಗಿಂತ ಹೆಚ್ಚು ಹೆಮ್ಮೆ ನನಗಿತ್ತು — ಇದನ್ನು ಹೇಳದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದರಿನ ಹತ್ತಿರದ ಓಣಿಯಲ್ಲಿ ಒಂದು ಮೀನಂಗಡಿ ಕಂಡಿತು. ಅವರು ಒಳಗೆ ಹೋದರು. ನಾನು ಹೊರಗೆ ನಿಂತು ಒದ್ದೆಯಾದ ಶಾಲು ಹಿಂಡುತ್ತಿದ್ದೆ. ಬಾಗಿಲು ತೆರೆದಿತ್ತು. ರಬ್ಬರ್ ಏಪ್ರನ್ ತೊಟ್ಟ ಅಂಗಡಿಯವನ ಮುಂದೆ ನಿಂತು ದಿನೇಶ್ ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು — ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಗುವಂತಿದೆ, ನಾವು ಬಂದರೆ ನನಗೆ ಇಲ್ಲೊಂದು ಕೆಲಸವಿದೆಯೇ, ಮೀನು ಹೆಚ್ಚಬಲ್ಲೆ, ನೆಲವನ್ನೂ ತೊಳೆಯುತ್ತೇನೆ ಎಂದು. ಆತ ನಕ್ಕ, ಕೆಟ್ಟ ನಗೆಯಲ್ಲ. ಮೊದಲು ಬಂದು ಸೇರಿ, ಆಮೇಲೆ ನೋಡೋಣ ಎಂದ. ದಿನೇಶ್ ಆತನ ಕೈ ಕುಲುಕಿದರು, ಆ ಒದ್ದೆ ಕೈಯನ್ನೇ. ನಾನು ಬೇಗ ಬೇಗ ನೀರಿನ ಕಡೆ ಸರಿದು ಹಂಸಗಳನ್ನು ನೋಡುತ್ತಿರುವಂತೆ ನಿಂತೆ. ಮುಖ ಉರಿಯುತ್ತಿತ್ತು.

ಹೊರಗೆ ಬಂದವರು ಅದರ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸಂಜೆಯವರೆಗೆ ಕಡಲಂಚಿನ ಉದ್ದನೆಯ ದಾರಿಯಲ್ಲಿ ನಡೆದೆವು. ದಾರಿ ಮುಗಿಯುವಲ್ಲಿ ಒಂದು ಗೋಡೆ. ಅಲ್ಲಿಯವರು ಅದಕ್ಕೊಂದು ಒದೆ ಕೊಟ್ಟೇ ಹಿಂದೆ ತಿರುಗುವುದು. ದಿನೇಶ್ ಒದ್ದರು. ನೀನೂ ಒದಿ ಎಂದರು. ಕಾಲು ನೋಯುತ್ತಿದೆ ಎಂದೆ. ಬರುವಾಗ ಎದುರಿನ ಮನೆಗಳನ್ನು ತೋರಿಸಿ, "ಅಡುಗೆಮನೆ ಕಿಟಕಿ ಸಮುದ್ರದ ಕಡೆಗೇ ಬೇಕು ಆಯ್ತಾ" ಎಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡಿರಲಿಲ್ಲ.

ರಿಯಾದಿಗೆ ಮರಳಿದ ಮೇಲೆ ಡ್ಯೂಟಿಯ ನಡುವೆ ಆ ಆಸ್ಪತ್ರೆಯಿಂದ ಫೋನ್ ಬಂತು. ಆಯ್ಕೆಯಾಗಿದ್ದೀರಿ ಎಂದರು. ಮನೆಯ ಕಾರಣಗಳಿಂದ ಬರಲಾಗುವುದಿಲ್ಲ ಎಂದೆ. ಇನ್ನೊಮ್ಮೆ ಯೋಚಿಸಿ ಎಂದರು ಆ ಹೆಂಗಸು. ಯೋಚಿಸಿ ಆಗಿದೆ ಎಂದೆ.

ಸಂಜೆ ದಿನೇಶ್ ಬಂದಾಗ ಹೇಳಿದೆ: "ಅವರು ಬೇರೆಯವರನ್ನು ತಗೊಂಡ್ರಂತೆ."

ಕೊರಳಿನ ಟ್ಯಾಗ್ ತೆಗೆಯುತ್ತಿದ್ದವರು ಹಾಗೇ ನಿಂತರು. ಆಮೇಲೆ, "ಹೋಗ್ಲಿ ಬಿಡು. ನಿನ್ನಂಥವಳು ಸಿಗುವ ಯೋಗ ಅವರಿಗಿಲ್ಲ" ಎಂದರು. ಗಂಜಿ ಬೇಯಿಸಿ ತಂದು ನನ್ನ ಮುಂದಿಟ್ಟರು. ನಾನು ಅತ್ತುಬಿಟ್ಟೆ. ನಿರಾಸೆಗೆ ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದರು.

ಅವರ ಮರ್ಯಾದೆ ಉಳಿಸಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅಳಿಯ ಅಲ್ಲಿ ಎಂತ ಮಾಡ್ತಾನೆ ಎಂದು ತವರಿನವರು ಕೇಳಿದರೆ ಮೀನು ಹೆಚ್ಚುತ್ತಾರೆ ಎಂದು ಹೇಳುವ ಧೈರ್ಯ — ದಿನೇಶ್ ಅವರಿಗಿತ್ತು. ನನಗಿರಲಿಲ್ಲ.

ಕೆಲವು ವರ್ಷಗಳ ನಂತರ ಕಚೇರಿಯಲ್ಲಿ ಅವರ ಹುದ್ದೆಗೆ ಈ ದೇಶದವರೇ ಬಂದರು. ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಉಳಿಸಿಕೊಳ್ಳಲು ಸಿಕ್ಕ ಕೆಲಸಕ್ಕೆ ಸೇರಿದರು — ಕುವೈತ್ ಗಡಿಯ ಅಲ್ ಖಫ್ಜಿಯಲ್ಲಿ, ತೈಲ ಕಾರ್ಮಿಕರ ಕ್ಯಾಂಪಿನ ಉಗ್ರಾಣ ನೋಡಿಕೊಳ್ಳುವುದು. ಅವರು ಅಲ್ಲಿ, ನಾನು ಇಲ್ಲಿ. ಬಿಸಿಲಿಗೆ ಕಪ್ಪಾಗಿ, ತೂಕ ಇಳಿದು, ರಜೆ ಸಿಕ್ಕಾಗ ಬಂದು ಹೋಗುವ ಅತಿಥಿಯಂತಾದರು.

ಮೊನ್ನೆ ಮೊನ್ನೆ ನನ್ನ ವಾರ್ಡಿನ ಸೌಮ್ಯಾಗೆ ಐರ್ಲೆಂಡಿನ ಸಂದರ್ಶನಕ್ಕೆ ಕರೆ ಬಂತು. ಅವಳು ನಮ್ಮ ಮನೆಯಲ್ಲಿದ್ದಾಗ ದಿನೇಶ್ ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ಅವಳಿಗೂ ಧೈರ್ಯ ಹೇಳಿದರು. "ಹೆದರ್ಬೇಡ. ಬೇಡ ಅಂದ್ರೂ ಬೇಜಾರು ಮಾಡ್ಬೇಡ. ಇವಳಷ್ಟು ಒಳ್ಳೆ ನರ್ಸನ್ನೇ ಬೇಡ ಅಂದವರು ಅವರು."

ಆ ವಾರದ ರಜೆಗೆ ಬಸ್ ಹತ್ತಿ ಖಫ್ಜಿಗೆ ಹೋದೆ. ಕಡಲ ದಂಡೆಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ — ಫೋನ್ ಬಂದದ್ದು, ಮೀನಂಗಡಿಯ ಬಾಗಿಲು ತೆರೆದಿದ್ದದ್ದು, ನನ್ನ ಮುಖ ಉರಿದದ್ದು.

ದಿನೇಶ್ ಕೇಳಿದರು: "ನನಗೆ ನಾಚಿಕೆ ಇರಲಿಲ್ಲ. ನಿನಗೆ ಯಾಕೆ?"

ನಾನು ಶಾಲಿನ ಅಂಚನ್ನು ಮಡಚುತ್ತಾ ಕೂತೆ.

"ಒಂದು ಮಾತು ನನ್ನ ಹತ್ರ ಕೇಳಬಹುದಿತ್ತು" ಎಂದರು. ಬಸ್ಸಿನವರೆಗೆ ಬಂದು ಬಿಟ್ಟರು. ಕಿಟಕಿಯಿಂದ ನೋಡಿದಾಗ ಆಗಲೇ ಬೆನ್ನು ತಿರುಗಿಸಿ ನಡೆಯುತ್ತಿದ್ದರು.

ಈಗ ಫೋನ್ ಮಾಡುತ್ತಾರೆ. ಊಟ ಆಯಿತಾ, ಗ್ಯಾಸ್ ಮುಗಿಯಿತಾ — ಅಷ್ಟೇ. ಸಿಟ್ಟು ಮಾಡುವುದಿಲ್ಲ, ಮಾಡಿದ್ದರೆ ಸುಲಭವಿತ್ತು. ಕ್ಷಮಿಸಿ ಎಂದು ನಾನು ಇನ್ನೂ ಕೇಳಿಲ್ಲ. ಕೇಳಿದರೆ ಅವರು ಕೂಡಲೇ ಆಯಿತು ಎಂದುಬಿಡುತ್ತಾರೆ, ನನಗೆ ಗೊತ್ತು. ಮುಂದಿನ ರಜೆಗೂ ಖಫ್ಜಿಯ ಬಸ್ ಹತ್ತುತ್ತೇನೆ. ಅದರ ಮುಂದಿನದಕ್ಕೂ. ಬರಬೇಡ ಎಂದು ಹೇಳುವ ಹಕ್ಕು ಅವರದು — ಈ ಸಲ ಅವರ ಪರವಾಗಿ ಅದನ್ನು ನಾನು ಹೇಳುವುದಿಲ್ಲ.