ನಾನು ಕೆಳಗಿಳಿಸಿದ ಮಹಾರಾಜರು

ನಾನು ಅಮೆರಿಕದ ಪ್ರಜೆಯಾಗಲು ಹೊರಟದ್ದು ಮೈಸೂರಿಗೆ ಹೋಗಿ ಇರುವುದಕ್ಕೆ. ಕೇಳಿದವರು ನಗುತ್ತಾರೆ, ಆದರೆ ಲಾಜಿಕ್ ಸಿಂಪಲ್. ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಅಲ್ಲಿ ತನ್ನ ಮಗಳ ಮನೆಯಲ್ಲಿ ಮಲಗಿಬಿಟ್ಟಿದ್ದಳು. ಅವಳ ಜೊತೆ ಒಂದು ವರ್ಷವಾದರೂ ಇರಬೇಕೆಂಬುದು ನನ್ನ ಆಸೆ. ಗ್ರೀನ್ ಕಾರ್ಡಿನವರು ಆರು ತಿಂಗಳು ದಾಟಿ ಹೊರಗಿದ್ದರೆ ಹಿಂತಿರುಗುವಾಗ ತೊಂದರೆ. ಇಲ್ಲಿಯ ಪಾಸ್‌ಪೋರ್ಟೇ ಇದ್ದರೆ ಎಷ್ಟು ದಿನ ಬೇಕಾದರೂ ಹೋಗಿರಬಹುದು. ಅಂದರೆ ನೆಮ್ಮದಿಯಾಗಿ ಮೈಸೂರಿನಲ್ಲಿರಲು ಮೊದಲು ಟೆಕ್ಸಾಸಿನವಳಾಗಬೇಕು.

ಟೆಕ್ಸಾಸಿನ ಪ್ಲೇನೋ ಊರಿನ ಮನೆಯಲ್ಲಿ ನನ್ನ ಮಗಳು ಫಾರ್ಮು ತುಂಬಿದಳು. "ಅಮ್ಮ, ಇದೆಲ್ಲಾ ನೋ, ನೋ, ನೋ. ನೀನು ಸೈನ್ ಮಾಡು ಸಾಕು" ಎಂದಳು. ಮಾಡಿದೆ. ಓದದೆ ಸಹಿ ಹಾಕಬೇಡ ಎಂದು ಕಲಿಸಿದ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಎಲ್ಲಿದ್ದರೂ ಕ್ಷಮಿಸಲಿ.

ಇಂಟರ್‌ವ್ಯೂ ದಿನ ಮಗಳು ಹೊರಗೆ ಕೂತಳು, ನಾನು ಒಳಗೆ ಹೋದೆ. ಆಫೀಸರ್ ಮೊಮ್ಮಗನ ವಯಸ್ಸಿನವನು. ನಿಲ್ಲಿಸಿ, ಬಲಗೈ ಎತ್ತಿಸಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದ. ಅಲ್ಲೇ ಎಡವಟ್ಟಾಯಿತು. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರನ್ನು ಯಾರೂ ಹೊಡೆಯುತ್ತಿರಲಿಲ್ಲ. ಮದರ್ ಸುಪೀರಿಯರ್ ಸುಮ್ಮನೆ ನೋಡುತ್ತಿದ್ದರು. ಆ ನೋಟಕ್ಕಿಂತ ಏಟೇ ವಾಸಿ.

ಮೊದಲು ಚರಿತ್ರೆಯ ಪರೀಕ್ಷೆ. ಇಲ್ಲಿಯ ಜನ ಬ್ರಿಟಿಷರ ಮೇಲೆ ಯಾಕೆ ಯುದ್ಧಕ್ಕೆ ನಿಂತರು? ಗಿಳಿಯ ಹಾಗೆ ಒಪ್ಪಿಸಿದೆ. "ಪರ್ಫೆಕ್ಟ್" ಎಂದ. ರಾಜನನ್ನು ಓಡಿಸಿದ ಕಥೆಗೆ ಫುಲ್ ಮಾರ್ಕ್ಸ್. ಐದು ನಿಮಿಷ ಬಿಟ್ಟು ಅದೇ ಹುಡುಗ ಅದೇ ದನಿಯಲ್ಲಿ ಫಾರ್ಮಿನಿಂದ ಓದಿದ: ಬಲಪ್ರಯೋಗದಿಂದ ಯಾವುದಾದರೂ ಸರ್ಕಾರವನ್ನು ಉರುಳಿಸಲು ನೀವು ಎಂದಾದರೂ ಬೆಂಬಲ ಕೊಟ್ಟಿದ್ದೀರಾ?

"ಯೆಸ್, ಆಫೀಸರ್" ಎಂದೆ.

ಟೈಪಿಂಗ್ ನಿಂತಿತು. "ಯಾವ ಸರ್ಕಾರ?"

"ಮೈಸೂರು ಮಹಾರಾಜರದು."

"ಅವರು ಈಗಲೂ ಅಧಿಕಾರದಲ್ಲಿದ್ದಾರಾ?"

"ಇಲ್ಲ. ನಾವು ಗೆದ್ದೆವು."

ಆಮೇಲೆ ಎಲ್ಲವನ್ನೂ ಹೇಳಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರಿನಲ್ಲಿ ಮಾತ್ರ ಆಳುವವರು ಇನ್ನೂ ಅರಮನೆಯವರು. ಜನರ ಸರ್ಕಾರ ಬೇಕೆಂದು ಊರೇ ಬೀದಿಗಿಳಿಯಿತು. ಲಾಠಿ ತಿಂದವರು, ಜೈಲಿಗೆ ಹೋದವರು ಎಷ್ಟೋ. ನನಗೆ ಎಂಟು ವರ್ಷ. ಕಾಲೇಜು ಬಿಟ್ಟು ಚಳವಳಿಗೆ ಸೇರಿದ್ದ ಚಿಕ್ಕಪ್ಪ ನನ್ನನ್ನೂ ಅಕ್ಕನನ್ನೂ ಮೆರವಣಿಗೆಗೆ ಕರೆದುಕೊಂಡು ಹೋದ. ಕುದುರೆ ಪೊಲೀಸರು ಎದುರಾದಾಗ ನಾನು ಕೈಯಲ್ಲಿದ್ದ, ಅರ್ಧ ತಿಂದ ಸೀಬೆಹಣ್ಣನ್ನು ಬೀಸಿ ಒಗೆದೆ.

ಹುಡುಗ ಎದ್ದು ಹೋಗಿ, ತಲೆ ನರೆತ ಮೇಲಧಿಕಾರಿಣಿಯೊಬ್ಬರನ್ನು ಕರೆತಂದ. "ಯಾರಿಗಾದರೂ ಏಟಾಯಿತಾ?" ಎಂದರು ಆಕೆ.

"ಇಲ್ಲ ಮ್ಯಾಡಮ್. ಚರಂಡಿಗೆ ಬಿತ್ತು."

ಆಕೆ ತುಟಿ ಕಚ್ಚಿಕೊಂಡರು. ಆದರೂ ಯೆಸ್ ಅಂದರೆ ಯೆಸ್. ಇವತ್ತು ತೀರ್ಮಾನ ಹೇಳಲಾಗದು, ನಡೆದದ್ದನ್ನು ಬರೆದು ಕಳಿಸಿ ಎಂದು ಒಂದು ಕಾಗದ ಕೊಟ್ಟರು.

ನಿಜಕ್ಕೂ ಮಹಾರಾಜರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ದಸರೆಯಲ್ಲಿ ಅಂಬಾರಿಯ ಮೇಲಿಂದ ಅವರು ನೋಡಿದ್ದು ನನ್ನನ್ನೇ ಎಂದು ಕ್ಲಾಸಿನಲ್ಲಿ ಜಗಳವಾಡಿದವಳು ನಾನು. ಮಹಾರಾಜರು ಒಪ್ಪಿಕೊಂಡು, ಜನರ ಮಂತ್ರಿಮಂಡಲ ಬಂದ ಮೇಲೂ ದಸರೆಗೆ ಆನೆಯೇರಿ ಬಂದವರು ಅವರೇ. ಗಂಟಲು ಹರಿಯುವ ಹಾಗೆ ಧಿಕ್ಕಾರ ಕೂಗಿದ್ದ ನಮ್ಮ ಚಿಕ್ಕಪ್ಪ ಮೊದಲ ಸಾಲಿನಲ್ಲೇ ಜಾಗ ಹಿಡಿದು ಕೈಮುಗಿದ. ನಮ್ಮೂರಿನ ರೆವಲ್ಯೂಷನ್ ಅಷ್ಟು ಮರ್ಯಾದಸ್ಥ.

ಕಾರಿನಲ್ಲಿ ಮಗಳು ಸ್ಟೀರಿಂಗಿಗೆ ಹಣೆ ಒತ್ತಿ ಕೂತಳು. "ಅಮ್ಮಾ, ನಿನ್ನ ಹಿಸ್ಟರಿ ಯಾರು ಕೇಳಿದ್ರು? ನೋ ಅಂದಿದ್ರೆ ಏನಾಗ್ತಿತ್ತು?"

"ಪ್ರಮಾಣ ಮಾಡಿದ್ದೆ ಕಣೇ."

"ದೊಡ್ಡಮ್ಮ ಅಲ್ಲಿ ಕಾಯ್ತಿದಾರೆ. ಅದು ಜ್ಞಾಪಕ ಬರ್ಲಿಲ್ವಾ?"

ಬಂದಿತ್ತು. ಆ ಅಧಿಕಾರಿಣಿ ಕಾಗದ ಮಡಚುವಾಗ ಅದು ಬಿಟ್ಟು ಬೇರೇನೂ ಜ್ಞಾಪಕ ಬಂದಿರಲಿಲ್ಲ.

ಆ ಸಂಜೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ಏದುಸಿರು ಕೇಳಿಸಿತು. ನೋವಿಗೆ ನರಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು.

"ಲೇ, ನೀನೆಲ್ಲಿ ಎಸೆದೆ? ಎಸೆದಿದ್ದು ನಾನು! ನಿನ್ನ ಕೈಯಿಂದ ಕಿತ್ಕೊಂಡು ಎಸೆದೆ. ಹಣ್ಣು ಹೋಯ್ತು ಅಂತ ಮನೆವರೆಗೂ ಅತ್ಕೊಂಡು ಬಂದೆ ನೀನು. ಚಿಕ್ಕಪ್ಪ ಇನ್ನೊಂದು ಕೊಡಿಸಿದ ಮೇಲೇ ಬಾಯಿ ಮುಚ್ಚಿದ್ದು."

ಎಪ್ಪತ್ತು ವರ್ಷ ನನ್ನದೆಂದು ನಂಬಿದ್ದ ಒಂದೇ ಒಂದು ಸಾಹಸ ಅಕ್ಕನದಾಗಿತ್ತು. ಅದಕ್ಕಿಂತ ಘೋರ, ಸುಳ್ಳು ಹೇಳಬಾರದೆಂದು ಹೋದವಳು ಕೈಯೆತ್ತಿ ಸುಳ್ಳನ್ನೇ ಹೇಳಿ ಬಂದಿದ್ದೆ.

"ಹಾಗಾದ್ರೆ ಈಗ ಏನ್ ಬರೀಲಿ?" ಎಂದೆ.

"ನನ್ನ ಹೆಸರೇ ಬರಿ. ನಂಗೇನು ಅವರ ವೀಸಾ ಬೇಕಾ? ಬಂದು ಹಿಡ್ಕೊಂಡು ಹೋಗ್ಲಿ, ಎತ್ತಿ ನಿಲ್ಲಿಸಿದ್ರೆ ಸಾಕು!"

ಬರೆದೆ. ಹಣ್ಣು ನನ್ನದು, ಎಸೆದದ್ದು ಅಕ್ಕ, ಅತ್ತದ್ದು ನಾನು, ಹಿಂದೆ ಹೇಳಿದ್ದು ನೆನಪಿನ ತಪ್ಪು. ಮಗಳು ತಿದ್ದಲಿಲ್ಲ, ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕೂತು, ಆಮೇಲೆ ಹೋಗಿ ಪೋಸ್ಟ್ ಮಾಡಿದಳು.

ಮೂರು ತಿಂಗಳು ಏನೂ ಬರಲಿಲ್ಲ. "ಬಂತಾ?" ಎಂದು ಅಕ್ಕ ದಿನಾ ಕೇಳುತ್ತಿದ್ದಳು; ಆಮೇಲಾಮೇಲೆ ಕೇಳುವಷ್ಟು ಶಕ್ತಿಯಿಲ್ಲದೆ ಅವಳ ಮಗಳ ಕೈಲಿ ಕೇಳಿಸತೊಡಗಿದಳು. ಕೊನೆಗೆ ಒಪ್ಪಿಗೆಯ ಪತ್ರ ಬಂತು. ಸೀಬೆಹಣ್ಣಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಪ್ರಜೆಯಾಗುವ ಪ್ರಮಾಣಕ್ಕೆ ನೂರಾರು ಜನರ ನಡುವೆ ನಿಂತು ಮತ್ತೆ ಬಲಗೈ ಎತ್ತಿದೆ. ಪರದೇಶದ ಯಾವ ರಾಜ ಮಹಾರಾಜನಿಗೂ ಇನ್ನು ನಾನು ನಿಷ್ಠಳಲ್ಲ ಎಂದು ಹೇಳಿಸುತ್ತಾರೆ. ಆ ವಾಕ್ಯ ಬಂದಾಗ ಕಣ್ಣೀರು ಬಂದುಬಿಟ್ಟಿತು. ಮಹಾರಾಜರು ತೀರಿಕೊಂಡು ಎಷ್ಟು ಕಾಲವಾಯಿತು. ಬಿಟ್ಟುಕೊಡಲು ನನ್ನ ಹತ್ತಿರ ಅಷ್ಟಾದರೂ ನಿಷ್ಠೆ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ. ಮಗಳು ಆ ಫೋಟೋ ತೆಗೆದು "ಹ್ಯಾಪಿ ಟಿಯರ್ಸ್" ಎಂದು ವಾಟ್ಸಾಪಿಗೆ ಹಾಕಿದಳು. ಹೂಸ್ಟನ್, ಆಸ್ಟಿನ್ ಕಡೆಯಿಂದೆಲ್ಲ "ಕಂಗ್ರಾಟ್ಸ್ ಆಂಟಿ" ಬಂತು.

ಪಾಸ್‌ಪೋರ್ಟ್ ಕೈಗೆ ಬಂದು, ಇಂಡಿಯಾದಲ್ಲಿ ವೀಸಾ ಇಲ್ಲದೆ ಇರಲು ಬೇಕಾದ ಕಾರ್ಡೂ ಆದ ವಾರವೇ ಹೊರಟೆ. ಅಕ್ಕ ತುಂಬಾ ಸಣ್ಣಗಾಗಿದ್ದಳು. ಬಾಗಿಲಲ್ಲಿ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಷ್ಟು ದಿನಕ್ಕೆ?"

"ನಿನಗೆ ಸಾಕಾಗೋವರೆಗೂ."

ಅವಳು ಕಷ್ಟಪಟ್ಟು ಗೋಡೆಯ ಕಡೆ ಸರಿದು, ಮಂಚದ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಹದಿನಾಲ್ಕು ತಿಂಗಳು ಅಲ್ಲೇ ಕೂತಿದ್ದೆ, ಅವಳಿರುವವರೆಗೂ.