ಜಂಬಮ್ಮನ ಹೊಳೆಗಂಟು

ಎರಡು ಸಾವಿರದ ಒಂಬತ್ತರ ನೆರೆಯಲ್ಲಿ ಜಂಬಮ್ಮನ ಅತ್ತೆ ಸತ್ತದ್ದು ನೀರಿನಿಂದಲ್ಲ, ಗೋಡೆಯಿಂದ. ದೇವದುರ್ಗದಾಚೆ ಕೃಷ್ಣೆಯ ದಂಡೆಯಲ್ಲಿದ್ದ ಆ ಕುರಿಗಾರರ ಮನೆಯಿಂದ ಎಲ್ಲರೂ ಹೊರಬಿದ್ದಾಗಿತ್ತು. "ಕಡ್ಡಿಪೆಟ್ಟಿಗಿ ಒಳಗ ಉಳೀತು, ಒಲಿ ಹ್ಯಾಂಗ ಹಚ್ಚೂದು?" ಎಂದು ಮುದುಕಿ ತಿರುಗಿ ಒಳಹೊಕ್ಕಳು. ನೆನೆದು ನಿಂತಿದ್ದ ಮಣ್ಣಿನ ಗೋಡೆ ದೊಪ್ಪನೆ ಕುಸಿಯಿತು. ಸೊಸೆ ಬರಿಗೈಯಲ್ಲಿ ಮಣ್ಣು ಬಗೆದಳು. ಉಗುರು ಕಿತ್ತು ರಕ್ತ ಸುರಿದರೂ ಬಿಡಲಿಲ್ಲ. ಕೊನೆಗೆ ಸಿಕ್ಕ ಮುಖದ ಬಾಯಿ ತುಂಬ ಮಣ್ಣಿತ್ತು.

ಅಲ್ಲಿಂದೀಚೆ ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆ ಹನಿಯುವ ಮೊದಲೇ ಜಂಬಮ್ಮ ಒಂದು ಗಂಟು ಕಟ್ಟಿ ಬಾಗಿಲ ಗೂಟಕ್ಕೆ ತೂಗುಹಾಕುತ್ತಿದ್ದಳು. ಕಡ್ಡಿಪೆಟ್ಟಿಗೆ, ಆಧಾರ್ ಕಾರ್ಡುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಅದರ ಮೇಲೆ ಬಾವಿಯ ಹಗ್ಗ ಸುತ್ತುತ್ತಿದ್ದಳು. ಗಂಟಿನಲ್ಲಿಟ್ಟ ಒಣ ಕಟಕು ರೊಟ್ಟಿಗೆ ಬೂಸು ಬರಬಾರದೆಂದು ಅಮಾವಾಸ್ಯೆಗೊಮ್ಮೆ ಬದಲಿಸುತ್ತಿದ್ದಳು. ಮಗಳು ಚಂದ್ರಕಲಾ ಶಾಲೆಯ ಆಟದ ಸೀಟಿಯೊಂದನ್ನು ತಂದಾಗ ಅದನ್ನೂ ತುರುಕಿದಳು. "ಕೂಗಿ ಕೂಗಿ ಗಂಟಲ ಹೋಗ್ತದ. ಸೀಟಿ ಹೋಗಂಗಿಲ್ಲ," ಎಂದಳು.

ಊರಿನವರಿಗೆ ಇದು ಸೇರುತ್ತಿರಲಿಲ್ಲ. ಹೆಣ ಬೀಳುವ ಮೊದಲೇ ಚಟ್ಟ ಕಟ್ಟಿದಂತೆ ಎನ್ನುತ್ತಿದ್ದರು. ಮೈದುನ ಪ್ರಭುರಾಜನಂತೂ ಒಮ್ಮೆ ಗಂಟನ್ನು ತಿಪ್ಪೆಗೆ ಎಸೆದು ಬಂದಿದ್ದ. "ಹೊಳಿಗೆ ವೀಳ್ಯ ಕೊಟ್ಟು ಕರಿಯಾಕತ್ತೀ ಏನು?" ಎಂದು ಗದರಿದ್ದ. ಜಂಬಮ್ಮ ಅದನ್ನು ತಿಪ್ಪೆಯಿಂದ ಎತ್ತಿ ತಂದು, ತೊಳೆದು ಮತ್ತೆ ಕಟ್ಟಿದ್ದಳು.

ಕಳೆದ ಶ್ರಾವಣದಲ್ಲಿ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು. ಮೈಕು ಕಟ್ಟಿದ ಆಟೊ ಊರೆಲ್ಲ ಸುತ್ತಿತು. ಗಂಡ ಪರಮಣ್ಣ ಮರಿಗಳನ್ನು ಹೊಡೆದುಕೊಂಡು ಸಿರವಾರದ ಸಂತೆಗೆ ಹೋಗಿದ್ದ. ಪ್ರಭುರಾಜ ಕುರಿ ದೊಡ್ಡಿಯಲ್ಲಿದ್ದ. ದೊಡ್ಡಿಯೋ, ಹೊಳೆಯ ಮಗ್ಗುಲಿನ ದಿಬ್ಬದ ಮೇಲೆ. ಮಗಳನ್ನು ಶಾಲೆಯ ಕಟ್ಟಡಕ್ಕೆ ಕಳಿಸಿ, ಗಂಟು ಬೆನ್ನಿಗೇರಿಸಿ ಜಂಬಮ್ಮ ಅತ್ತ ಓಡಿದಳು.

"ಕುರಿ ಬಿಚ್ಚು, ಲಗೂನ ಮ್ಯಾಲ ನಡಿ!"

"ಇಲ್ಲೀತನ ನೀರು ಬರಂಗಿಲ್ಲ. ನೀ ಹೋಗು."

ಇಬ್ಬರೂ ಜಗ್ಗಾಡುತ್ತಿದ್ದಂತೆ ಹಿಂದಿನ ಹಳ್ಳ ತುಂಬಿ ದಾರಿ ಮುಚ್ಚಿಹೋಯಿತು. ಕೆಂಪು ನೀರು ದಿಬ್ಬವನ್ನು ಸುತ್ತಲಿಂದಲೂ ಕಚ್ಚತೊಡಗಿತು. ಮುಳ್ಳುಬೇಲಿ ಕಿತ್ತು ಬಂತು. ಬೆದರಿದ ಕುರಿಗಳು ಒಂದನ್ನೊಂದು ತುಳಿದವು. ತಾಯಿಗಳ ಗೊರಸಿನಡಿ ಮರಿಗಳ ಪಕ್ಕೆಲುಬು ಲಟಲಟನೆ ಮುರಿದವು. ಹಿಂಡಿನ ಅರ್ಧಭಾಗ ಪ್ರಭುರಾಜನ ಕಣ್ಣೆದುರೇ ಜಾರಿ, ಬಿಳಿ ನೊರೆಯಲ್ಲಿ ಬಿಳಿ ಹೊಟ್ಟೆಗಳಾಗಿ ತಿರುಗುತ್ತ ಹೋಯಿತು.

ಅವನಿಗೆ ಹುಚ್ಚು ಕೆರಳಿತು. "ನೀನ ಕರದಿ ಇದನ್ನ! ವರ್ಷಾ ವರ್ಷಾ ಗಂಟು ಕಟ್ಟಿ ಕರದಿ!" ಎನ್ನುತ್ತ ಕೈಯಲ್ಲಿದ್ದ ಬಡಿಗೆಯಿಂದ ಅತ್ತಿಗೆಯ ಹಣೆಗೆ ಬೀಸಿದ. ಜಂಬಮ್ಮ ಕೆಸರಿಗೆ ಬಿದ್ದಳು. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ಅವನು ಗಂಟು ಕಸಿದು ಹೊಳೆಗೆ ಎಸೆಯಲು ಎತ್ತಿದಾಗ ಅವಳು ಹಾರಿ ಅವನ ಮುಂಗೈ ಕಚ್ಚಿದಳು. ಹಲ್ಲಿಗೆ ಉಪ್ಪು ಹತ್ತುವವರೆಗೆ ಬಿಡಲಿಲ್ಲ. ಅವನು ಹೊಟ್ಟೆಗೆ ಒದ್ದ. ಅವಳು ಬಿದ್ದಲ್ಲೇ ಸಿಕ್ಕ ದೊಡ್ಡಿಯ ಕೊಡಲಿಯನ್ನು ತಿರುಗಿಸಿ ಹಿಡಿದು ಅದರ ಹಿಂಬದಿಯಿಂದ ಅವನ ಹೆಗಲಿಗೆ ಕೊಟ್ಟಳು. ಗಂಟು ಕೆಳಗೆ ಬಿತ್ತು.

ಅಷ್ಟರಲ್ಲಿ ಬುಡಸಮೇತ ಕಿತ್ತ ಬೇವಿನ ಮರವೊಂದು ತೇಲಿಬಂದು ದಿಬ್ಬಕ್ಕೆ ಅಪ್ಪಳಿಸಿತು. ಪ್ರಭುರಾಜನ ಮೊಣಕಾಲು ಅದರಡಿ ನುಚ್ಚಾಯಿತು. ಮರ ಹೊರಳಿ ಅವನನ್ನೂ ನೀರಿಗೆ ಎಳೆಯಿತು. ಒಂದು ಕೊಂಬೆ ಹಿಡಿದು ಅವನು ತೂಗಾಡುತ್ತಿದ್ದ.

ಜಂಬಮ್ಮ ನಿಂತು ನೋಡಿದಳು. ಹೋದರೆ ಹೋಗಲಿ ಅನ್ನಿಸಿತು. ಸುಳ್ಳಲ್ಲ, ಹಾಗೇ ಅನ್ನಿಸಿತು.

"ಯಕ್ಕಾ!" ಎಂದು ಅವನು ಚೀರಿದ. "ಯಕ್ಕಾ, ಬಿಡಬ್ಯಾಡ ನನ್ನ!"

ಅವಳು ಗಂಟಿನ ಹಗ್ಗ ಬಿಚ್ಚಿ ಒಂದು ತುದಿಯನ್ನು ದಿಬ್ಬದ ಜಾಲಿಮರಕ್ಕೆ ಬಿಗಿದು ಇನ್ನೊಂದನ್ನು ಎಸೆದಳು. ಎಳೆಯುವಾಗ ಅಂಗೈ ಚರ್ಮ ಸುಲಿಯಿತು. ಅವನನ್ನು ಮೇಲೆ ತಂದು, ಸೆರಗು ಹರಿದು ತೊಡೆಗೆ ಕಟ್ಟಿ, ಜಾಲಿಗೇ ಬಿಗಿದಳು. ಆಮೇಲೆ ಸೀಟಿ ಊದಿದಳು. ತುಟಿ ಒಡೆದವು, ಊದಿದಳು. ಹೊತ್ತು ಇಳಿಯುವ ಮುಂಚೆ, ನೆರೆಯಲ್ಲಿ ಸಿಕ್ಕವರನ್ನು ಹುಡುಕುತ್ತಿದ್ದ ದೋಣಿಯವರಿಗೆ ಆ ಸದ್ದು ಕೇಳಿಸಿತು.

ರಾಯಚೂರಿನ ದವಾಖಾನೆಯಲ್ಲಿ ಪ್ರಭುರಾಜನ ಕಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿದರು. ಮರುದಿನ ಬಂದ ಪರಮಣ್ಣ ಹೆಂಡತಿಯ ಹಣೆಯ ಹೊಲಿಗೆ ನೋಡಿ, "ಹೊಳಿ ಹಿಂಗ ಬಡೀತೇನು?" ಎಂದ.

"ಹೊಳಿ ಅಲ್ಲ. ನಿನ್ನ ತಮ್ಮ ಬಡದಾನ."

ಪ್ರಭುರಾಜ ಗೋಡೆಯ ಕಡೆ ಮುಖ ಮಾಡಿ, "ಹೌದು, ನಾನ ಬಡದೀನಿ," ಎಂದ. ಪರಮಣ್ಣ ಮಂಚದ ಮೇಲಿದ್ದ ತಮ್ಮನ ಕುತ್ತಿಗೆಗೇ ಕೈ ಹಾಕಿದ. ಪಕ್ಕದ ಮಂಚದವರೆಲ್ಲ ಎದ್ದು ಬಿಡಿಸಬೇಕಾಯಿತು.

"ಆ ದಂಡಿ ಮ್ಯಾಲ ನಾ ಇನ್ನ ಬಾಳೇ ಮಾಡಂಗಿಲ್ಲ," ಎಂದಳು ಜಂಬಮ್ಮ. ಗಂಡ, ಮಗಳೊಂದಿಗೆ ತವರೂರು ಬಾಗಲವಾಡದಲ್ಲಿ ನೆಲೆ ನಿಂತಳು. ಮೈದುನನನ್ನು ಕ್ಷಮಿಸಿದೆ ಎಂದು ಅವಳು ಯಾರ ಮುಂದೆಯೂ ಹೇಳಿಲ್ಲ.

ಈ ಬೇಸಿಗೆಯಲ್ಲಿ ಮಾನ್ವಿಯ ಬಸ್ ನಿಲ್ದಾಣದಲ್ಲಿ ಇಬ್ಬರೂ ಎದುರಾದರು. ಬಗಲಲ್ಲಿ ಊರುಗೋಲು ಸಿಕ್ಕಿಸಿಕೊಂಡಿದ್ದ ಅವನು, "ಯಕ್ಕಾ, ಚಾ ಕುಡೀತಿ?" ಎಂದ. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಚಾ ಕುಡಿದು, ಬಸ್ಸು ಹತ್ತಿದಳು.