ಮೂವತ್ತನಾಲ್ಕು ಉಸಿರು

ನರ್ಸಿಂಗ್ ಪದವಿಯ ಎರಡನೇ ವರ್ಷದಲ್ಲಿ ನನಗೆ ತರಗತಿಯಲ್ಲೇ ಅತಿ ನಿಧಾನದವಳು ಎಂಬ ಹೆಸರಿತ್ತು. ಬೆಳಗ್ಗೆ ಏಳೂವರೆಗೆ ಆಸ್ಪತ್ರೆಯ ಸರ್ಜರಿ ವಾರ್ಡಿಗೆ ಹೋದ ಕೂಡಲೇ ನಮ್ಮ ಮೊದಲ ಕೆಲಸ ರೋಗಿಗಳ ಜ್ವರ, ನಾಡಿ, ಉಸಿರಾಟ, ಬಿಪಿ ನೋಡಿ ಚಾರ್ಟಿನಲ್ಲಿ ಬರೆಯುವುದು. ಒಬ್ಬೊಬ್ಬರಿಗೆ ಹತ್ತು ಹಾಸಿಗೆ. ಉಳಿದವರು ಅರ್ಧ ಗಂಟೆಯಲ್ಲಿ ಮುಗಿಸಿ ಕೈ ತೊಳೆಯುವಾಗ ನಾನು ಆರನೇ ಹಾಸಿಗೆಯ ಹತ್ತಿರ ಇರುತ್ತಿದ್ದೆ. ವಾರ್ಡಿನ ಉಸ್ತುವಾರಿ ಸಿಸ್ಟರ್ ದೂರದಿಂದಲೇ ಗಡಿಯಾರ ತೋರಿಸುತ್ತಿದ್ದರು.

ಇದಕ್ಕೆ ಕಾರಣ ನನ್ನ ಇಂಗ್ಲಿಷ್. ನಾನು ಹತ್ತನೇ ತರಗತಿಯವರೆಗೆ ನಂಜನಗೂಡಿನ ಕಡೆಯ ನಮ್ಮೂರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಠ್ಯಪುಸ್ತಕದ ಪ್ರತಿ ಪದದ ಕೆಳಗೂ ಬೆರಳಿಟ್ಟು, ಫೋನಿನಲ್ಲಿ ಅರ್ಥ ಹುಡುಕಿ ಓದಬೇಕಿತ್ತು. ಚೆನ್ನಾಗಿ ಇಂಗ್ಲಿಷ್ ಬರುವವರು ಬೇಡದ್ದನ್ನು ಹಾರಿಸಿಕೊಂಡು ಓದುತ್ತಾರೆ. ಯಾವುದು ಬೇಡದ್ದು ಎಂದು ನನಗೆ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಏನನ್ನೂ ಹಾರಿಸುತ್ತಿರಲಿಲ್ಲ. ಉಸಿರನ್ನು ಪೂರಾ ಒಂದು ನಿಮಿಷ ಎಣಿಸಬೇಕು, ಎಣಿಸುತ್ತಿರುವುದು ರೋಗಿಗೆ ತಿಳಿಯಬಾರದು, ತಿಳಿದರೆ ಉಸಿರು ಬದಲಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಹಾಗಾಗಿ ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದುಕೊಂಡು, ಎದೆ ಏರಿಳಿಯುವುದನ್ನು ಓರೆಗಣ್ಣಿನಲ್ಲಿ ನೋಡುತ್ತಾ ಒಂದು ನಿಮಿಷ ಎಣಿಸುತ್ತಿದ್ದೆ. ಹತ್ತು ಜನರಿಗೆ ಹತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು.

ಬೋಗಾದಿಯಲ್ಲಿ ಒಂದು ಮನೆಯ ಮೇಲಿನ ಕೋಣೆಯಲ್ಲಿ ನಾನೂ ಹಾಸನದ ಒಬ್ಬ ಸಹಪಾಠಿಯೂ ಬಾಡಿಗೆಗಿದ್ದೆವು. ಅವಳು ಇಂಗ್ಲಿಷ್ ಮಾಧ್ಯಮದವಳು, ತರಗತಿಗೇ ಚುರುಕು. ಬ್ಯಾಂಡೇಜು ಸುತ್ತಿದರೆ ಅಳತೆಪಟ್ಟಿ ಇಟ್ಟು ಸುತ್ತಿದಂತಿರುತ್ತಿತ್ತು. ಒಂದು ದಿನ ಸಿಟಿ ಬಸ್ಸಿನಲ್ಲಿ ನನ್ನ ಮೇಲೆ ಕರುಣೆ ತೋರಿಸಿ ಗುಟ್ಟು ಹೇಳಿದಳು.

"ಉಸ್ರು ಎಲ್ರುದೂ ಹದಿನೆಂಟು, ಇಲ್ಲಾಂದ್ರೆ ಇಪ್ಪತ್ತು ಕಣೇ. ಬರ್ದುಬುಡು. ಸುಮ್ನೆ ಬೈಸ್ಕೋತೀಯ."

"ಎಣಿಸ್ದೆ ಬರೆಯೋಕೆ ನಂಗೆ ಕೈ ಬರಲ್ಲ ಕಣೇ," ಎಂದೆ. ಅವಳು ನಕ್ಕು ಕಿಟಕಿಯ ಕಡೆ ತಿರುಗಿದಳು.

ಆ ವಾರ ನಮ್ಮ ವಾರ್ಡಿನಲ್ಲಿ ಬನ್ನಿಮಂಟಪದ ಒಬ್ಬ ಹೆಂಗಸು ಇದ್ದರು. ಅರವತ್ತು ದಾಟಿದ ವಯಸ್ಸು. ಮನೆ ಮುಂದೆ ಬೆಳಗಿನ ಹೊತ್ತು ಇಡ್ಲಿ ಮಾಡಿ ಮಾರುತ್ತಿದ್ದವರು, ಪಿತ್ತಕೋಶದ ಕಲ್ಲಿನ ಆಪರೇಷನ್ ಮಾಡಿಸಿಕೊಂಡಿದ್ದರು. ಅವರ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. "ನಮ್ ಸೊಸೆ ಇದಾಳಲ್ಲ ಮಗ, ಉದ್ದಿನ್‌ಬೇಳೆ ಕೈ ಬಿಗಿಹಿಡ್ದು ಹಾಕ್ತಾಳೆ, ಇಡ್ಲಿ ಗೋಡೆಗೆ ಹೊಡುದ್ರೆ ಗೋಡೆ ಒಡೀಬೇಕು, ಗಿರಾಕಿ ಬತ್ತಾರಾ ಹೇಳು" ಎಂದು ಶುರುವಾದರೆ ಒಂದೇ ಉಸಿರಿನಲ್ಲಿ ಮೂರು ಮನೆಯ ಕಥೆ ಮುಗಿಯುತ್ತಿತ್ತು. ಮಾತು ನಿಲ್ಲದೆ ಉಸಿರು ಎಣಿಸಲಾಗದು. ಅವರು ನೀರು ಕುಡಿದು ಸುಧಾರಿಸಿಕೊಳ್ಳುವುದನ್ನು ಕಾದು ಎಣಿಸುವುದೇ ನನಗೊಂದು ಪಂದ್ಯವಾಗಿತ್ತು.

ಆಪರೇಷನ್ನಿನ ನಾಲ್ಕನೇ ದಿನ ಆ ಸಾಲಿನ ಹಾಸಿಗೆಗಳು ನನ್ನ ಕೋಣೆಯ ಗೆಳತಿಯ ಪಾಲಿಗೆ ಹೋಗಿದ್ದವು. ಹತ್ತೂವರೆಯ ಹೊತ್ತಿಗೆ ನಾನು ಡ್ರೆಸ್ಸಿಂಗ್ ಟ್ರೇ ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದಾಗ ಅವರು ಕೈ ಸನ್ನೆ ಮಾಡಿದರು.

"ಸೊಸೆ... ಬಂದಿದ್ಲು... ಮಗ."

ಅಷ್ಟೇ. ಸೊಸೆಯ ವಿಚಾರವನ್ನು ಅವರು ಮೂರು ಪದಕ್ಕೆ ಮುಗಿಸಿದ್ದು ನನಗೆ ಸರಿಯೆನಿಸಲಿಲ್ಲ. ಟ್ರೇ ಕೆಳಗಿಟ್ಟು ಮಣಿಕಟ್ಟು ಹಿಡಿದೆ. ಎಂದಿನಂತೆ ಕಾಯಬೇಕಾಗಲಿಲ್ಲ, ಅವರು ತಾವಾಗಿಯೇ ಸುಮ್ಮನಿದ್ದರು. ಮೂವತ್ತನಾಲ್ಕು. ನಂಬಿಕೆ ಬರದೆ ಇನ್ನೊಂದು ನಿಮಿಷ ಎಣಿಸಿದೆ. ಮೂವತ್ತಾರು. ಕಾಲಬಳಿ ನೇತುಹಾಕಿದ್ದ ಚಾರ್ಟಿನಲ್ಲಿ ಬೆಳಗ್ಗೆ ಎಂಟು ಗಂಟೆಗೆ ಇಪ್ಪತ್ತು ಎಂದಿತ್ತು. ಅದು ನನ್ನ ಗೆಳತಿಯ ದುಂಡನೆಯ ಅಕ್ಷರ.

ಸಿಸ್ಟರ್ ವಾರ್ಡಿಗೆ ಔಷಧಿ ತರಿಸುವ ಇಂಡೆಂಟ್ ಬರೆಯುತ್ತಿದ್ದರು. ಹೇಳಿದೆ. ತಲೆಯೆತ್ತದೆ, "ರೌಂಡ್ಸ್‌ನಲ್ಲಿ ಚೆನ್ನಾಗಿದ್ರಲ್ಲಮ್ಮ. ಬೆಳಗ್ಗೆ ಎಷ್ಟಿದೆ?" ಎಂದರು.

"ಇಪ್ಪತ್ತು ಅಂತ ಬರ್ದಿದೆ ಸಿಸ್ಟರ್."

"ಹಂಗಾದ್ರೆ ನೀನೇ ಎಣಿಸೋದ್ರಲ್ಲಿ ತಪ್ಪಿದೀಯ. ಹೋಗು, ಇನ್ನೊಂದ್ಸಲ ನೋಡು."

"ಎರಡ್ಸಲ ನೋಡಿದೀನಿ. ತಪ್ಪಿಲ್ಲ. ನೀವೇ ಬಂದು ಒಂದ್ ನಿಮಿಷ ಎಣಿಸಿ ಸಿಸ್ಟರ್."

ಎರಡನೇ ವರ್ಷದ ವಿದ್ಯಾರ್ಥಿನಿ ಹಾಗೆ ಮಾತಾಡುವ ಪದ್ಧತಿ ಆ ವಾರ್ಡಿನಲ್ಲಿರಲಿಲ್ಲ. ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಇಂಗ್ಲಿಷ್ ಉಚ್ಚಾರ, ಔಷಧಿಗಳ ಹೆಸರು, ಎಷ್ಟೋ ವಿಷಯಗಳಲ್ಲಿ ನನಗೆ ಅನುಮಾನಗಳಿದ್ದವು. ಎಣಿಸುವುದರಲ್ಲಿ ಇರಲಿಲ್ಲ. ಸಿಸ್ಟರ್ ಒಂದು ಕ್ಷಣ ನನ್ನ ಮುಖ ನೋಡಿ ಪೆನ್ನು ಮುಚ್ಚಿ ಎದ್ದು ಬಂದರು.

ಅವರು ಪೂರಾ ಒಂದು ನಿಮಿಷ ಎಣಿಸಲಿಲ್ಲ. ಹದಿನೈದು ಸೆಕೆಂಡಿಗೇ ಅವರಿಗೆ ತಿಳಿಯಿತು. ಆಮೇಲೆ ಅವರು ಕೆಲಸ ಮಾಡಿದ ವೇಗವನ್ನು ನಾನು ಇವತ್ತಿಗೂ ಮರೆತಿಲ್ಲ. ಹಾಸಿಗೆಯ ತಲೆಭಾಗ ಎತ್ತಿದರು, ರಕ್ತದ ಆಕ್ಸಿಜನ್ ಅಳೆಯುವ ಯಂತ್ರವನ್ನು ಬೆರಳಿಗೆ ಸಿಕ್ಕಿಸಿದರು, ತೊಂಬತ್ತೈದರ ಮೇಲಿರಬೇಕಾದ್ದು ಎಂಬತ್ತೊಂಬತ್ತು ತೋರಿಸುತ್ತಿದ್ದಂತೆ ಆಕ್ಸಿಜನ್ ಹಾಕಿ, ಡ್ಯೂಟಿ ಡಾಕ್ಟರಿಗೆ ಫೋನು ಮಾಡಿದರು. ನಡುನಡುವೆ ರೋಗಿಯ ಹಣೆ ಸವರುತ್ತಾ, "ಏನಿಲ್ಲ ಕಣಮ್ಮ, ನಾವೆಲ್ಲ ಇಲ್ಲೇ ಇದೀವಿ" ಎನ್ನುತ್ತಿದ್ದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತದ ಚೂರು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಮಧ್ಯಾಹ್ನದೊಳಗೆ ಅವರನ್ನು ಐಸಿಯುಗೆ ಒಯ್ದರು.

ಸಂಜೆ ನಮ್ಮ ಟ್ಯೂಟರ್ ಮೇಡಂ ಎಲ್ಲರನ್ನೂ ಡೆಮೊ ಕೋಣೆಯಲ್ಲಿ ನಿಲ್ಲಿಸಿ ಚಾರ್ಟಿನ ಪ್ರತಿ ತೋರಿಸಿದರು. "ಎಂಟು ಗಂಟೆಗೆ ಇಪ್ಪತ್ತು ಬರೆದಿರೋದು ಯಾರು?"

ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಗೆಳತಿ ಒಂದು ಹೆಜ್ಜೆ ಮುಂದೆ ಬಂದಳು. "ನಾನೇ ಮೇಡಂ. ಎಣಿಸಿರ್ಲಿಲ್ಲ. ಅವ್ರು ಮಾತಾಡ್ತಾನೇ ಇರ್ತಾರೆ ಅಂತ ಇಪ್ಪತ್ತು ಬರ್ದೆ."

ಮೇಡಂ ಕೂಗಾಡಲಿಲ್ಲ. ಚಾರ್ಟನ್ನು ಮೇಜಿನ ಮೇಲಿಟ್ಟು, "ಇಲ್ಲಿ ಇನ್ನೆಷ್ಟು ಜನ ಹಿಂಗೇ ಬರೀತೀರಿ, ಕೈ ಎತ್ತಿ," ಎಂದರು. ಮೊದಲು ಒಂದು ಕೈ ಎದ್ದಿತು. ಆಮೇಲೆ ಬಹುಪಾಲು ಎಲ್ಲ ಕೈಗಳೂ ಎದ್ದವು. ಮರುದಿನದಿಂದ ಒಂದು ತಿಂಗಳು ಇಬ್ಬರಿಬ್ಬರು ಜೊತೆಯಾಗಿ ಎಣಿಸಬೇಕು, ಇಬ್ಬರ ಲೆಕ್ಕವೂ ಒಂದೇ ಆಗಿರಬೇಕು ಎಂದು ಮೇಡಂ ನಿಯಮ ಮಾಡಿದರು. ಸಿಸ್ಟರ್ ಅದಕ್ಕೆ ಒಪ್ಪಿದರು.

ಕೋಣೆಯಲ್ಲಿ ಎರಡು ದಿನ ನಾವಿಬ್ಬರೂ ಮಾತಾಡದೆ ಅನ್ನ, ಸಾರು ಮಾಡಿ ಉಂಡೆವು. ಪಕ್ಕದ ಸೈಟಿನಲ್ಲಿ ತಾರಸಿ ಹಾಕುವ ಮಿಕ್ಸರ್ ಸದ್ದು ಮಾತ್ರ ಇರುತ್ತಿತ್ತು. ಮೂರನೇ ದಿನ ತರಕಾರಿ ಹೆಚ್ಚುತ್ತಾ ಅವಳು ಕೇಳಿದಳು.

"ಅವ್ರು ಸತ್ತೋಗಿದ್ರೆ?"

"ಸತ್ತಿಲ್ಲ. ಐಸಿಯುಗೆ ಹೋಗಿ ನೋಡ್ಕೊಂಡ್ ಬಂದೆ. ನೀನೂ ಹೋಗು."

"ಎಂಗೆ ಮುಖ ತೋರಿಸ್ಲಿ?"

"ಅವ್ರಿಗೆ ಗೊತ್ತಿಲ್ಲ. ನಿಂಗೆ ಗೊತ್ತಲ್ಲ, ಅದಕ್ಕೇ ಹೋಗು."

ಹೋಗಿಬಂದಳು. ಬಂದು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು, ಮುಂದಿನ ವಾರ ನಾನು ಇದೇ ರೋಗಿಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕಿದ್ದ ಕೇಸ್ ಪ್ರೆಸೆಂಟೇಷನ್ನಿನ ಹಾಳೆಗಳನ್ನು ಕೈಗೆತ್ತಿಕೊಂಡಳು. ಐದು ಸಂಜೆ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಓದಿಸಿದಳು. ರಕ್ತದ ಚೂರು ಹೋಗಿ ಸಿಕ್ಕಿಕೊಳ್ಳುವುದಕ್ಕಿರುವ ಹೆಸರೇ ನನ್ನ ಬಾಯಿಗೆ ಬರುತ್ತಿರಲಿಲ್ಲ. "ಎಂಬಾಲಿಸಂ. 'ಎಂ' ಮೇಲೆ ಒತ್ತು ಕೊಡು. ಇನ್ನೊಂದ್ಸಲ." ನಾನು ಬೇಸತ್ತು ಕೂತರೂ ಬಿಡುತ್ತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಬೆಳಗಿನ ಹೊತ್ತು ವಾರ್ಡಿನಲ್ಲಿ ನಾನು ಅವಳ ಜೋಡಿಯಾದೆ. ಮೊದಲ ದಿನ ನಮ್ಮ ಲೆಕ್ಕ ಏಳು ರೋಗಿಗಳಲ್ಲಿ ಕೂಡಿಬರಲಿಲ್ಲ. ತಿಂಗಳ ಕೊನೆಗೆ ಅವಳು ನನಗಿಂತ ಮೊದಲು ಒಬ್ಬರ ಉಸಿರಿನಲ್ಲಿ ವ್ಯತ್ಯಾಸ ಹಿಡಿದಳು.

ಪ್ರೆಸೆಂಟೇಷನ್ನಿನ ದಿನ ಮಧ್ಯದಲ್ಲಿ ಎರಡು ಕಡೆ ತಡವರಿಸಿದೆ. ರೋಗಿ ಆಡಿದ ಮೂರು ಪದಗಳನ್ನು ಹೇಳುವ ಜಾಗ ಬಂದಾಗ ಅವನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಅವರು ಹೇಳಿದ ಹಾಗೇ, ಉಸಿರು ಕಡಿದ ಕಡೆ ಕಡಿದು ಹೇಳಿದೆ.

"ಇಂಗ್ಲಿಷ್ ಇನ್ನೂ ಸುಧಾರಿಸ್ಬೇಕು," ಎಂದರು ಮೇಡಂ. "ನೋಡೋದು ನಿಂಗೆ ಬರುತ್ತೆ. ಕೂತ್ಕೋ."

ಗೆಳತಿ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.